ತಣ್ಣೀರುಹಳ್ಳದಲ್ಲಿ ಪಂಕ್ಚರ್

ಬೆಳಿಗ್ಗೆ ಮೂರನೇ ಪೀರಿಯಡ್ಡಿನಲ್ಲಿ
ಮೋಕ್ಷಿತ್ ಎದ್ದು ನಿಂತ:
‘ಮಿಸ್, ನೆಟ್ಟಗೆ ಹೋಗ್ತಾನೇ ಇದ್ರೆ ಕೊನೇಲಿ ಗೋಡೆ ಸಿಗುತ್ತಾ,
ಇಲ್ಲ ಹೋಗ್ತಾನೇ ಇರ್ಬೇಕಾ?’
ಹಿಂದಿನ ಬೆಂಚು ನಕ್ಕಿತು.
ನಾನು ಬೋರ್ಡಿನ ಮೇಲೆ ತ್ರಿಕೋನ ಬರೆದೆ.
ಮೂರು ಮೂಲೆ ಕೂಡಿ ನೂರ ಎಂಬತ್ತಾದರೆ
ವಿಶ್ವ ಚಪ್ಪಟೆ ಅಂದೆ,
ಅಳೆದವರಿಗೆ ಹೆಚ್ಚೂಕಮ್ಮಿ ಅಷ್ಟೇ ಬಂದಿದೆ ಅಂದೆ.
‘ಚಪ್ಪಟೆ ಅಂದ್ರೆ ಮುಗಿಯಲ್ವಾ?’
ಗಂಟೆ ಹೊಡೆಯಿತು.
ಆ ಗಂಟೆಗೆ ನಾನು ಎಷ್ಟೋ ಸಲ ಋಣಿ.

ರಾತ್ರಿ ಎಂಟೂವರೆ. ಪೇಪರ್ ತಿದ್ದಿ ಬರುವಾಗ
ತಣ್ಣೀರುಹಳ್ಳದ ಹತ್ತಿರ ಹಿಂದಿನ ಚಕ್ರ
ಕುಡಿದವನ ಹಾಗೆ ತೊನೆಯಿತು.
ಶಟರು ಅರ್ಧ ಎಳೆದಿದ್ದ ಜಬೀವುಲ್ಲಾ
ನನ್ನ ಹದಿಮೂರು ವರ್ಷದ ಸ್ಕೂಟಿ ನೋಡಿ
ಏನೂ ಅನ್ನದೆ ಮತ್ತೆ ಮೇಲೆತ್ತಿದರು.

ಟೈರಿನ ಹೊಟ್ಟೆಯಿಂದ ಟ್ಯೂಬು ಎಳೆದು
ಗಾಳಿ ತುಂಬಿದರು. ಅದು ಉಸಿರುಕಟ್ಟಿ ದುಂಡಗಾಯಿತು.
ಅರ್ಧ ಕೊಯ್ದ ಡ್ರಮ್ಮಿನ ನೀರಿನಲ್ಲಿ
ಒಂದು ಬಲ್ಬು ತೇಲುತ್ತಿತ್ತು, ನಿಜದ್ದು ಮೇಲೆ.
ಪುಸ್ತಕಗಳಲ್ಲಾದರೆ ಇಲ್ಲೊಂದು ಇರುವೆ ಬರುತ್ತದೆ,
ಬಾಗಿದ ನೆಲದ ಮೇಲೆ ನಡೆದು ತೋರಿಸಲು.
ಇಲ್ಲಿ ಇರುವೆಯಿಲ್ಲ, ಜಬೀವುಲ್ಲಾರ ಹೆಬ್ಬೆರಳು.
ಸಾಸಿವೆಯಷ್ಟು ಗುಳ್ಳೆಗಳ ಸಾಲೊಂದು ಎದ್ದಿತು.
ಚಾಕ್‌ಪೀಸಿನಲ್ಲಿ ಗುರುತು. ‘ಮುಳ್ಳು.’

‘ಒಂದೇನಾ?’
‘ಇರಿ, ನೋಡೋಣ’ ಅಂದು ತಿರುಗಿಸುತ್ತ ಹೋದರು,
ಗೇಣು ಗೇಣಾಗಿ ಮುಳುಗಿಸುತ್ತ, ಎತ್ತುತ್ತ.
ಗೀಟು ಆಗಲೇ ನೀರಲ್ಲಿ ತೊಳೆದು ಹೋಗಿತ್ತು.
ಕಪ್ಪು ರಬ್ಬರು, ಮತ್ತೂ ಕಪ್ಪು ರಬ್ಬರು,
ಎಲ್ಲಿಯೂ ಗೋಡೆಯಿಲ್ಲ ಮೋಕ್ಷಿತ್,
ಆದರೂ ಒಬ್ಬರ ಎರಡು ಮೊಣಕಾಲಿನ ನಡುವೆ ಹಿಡಿಸಿದೆ.

ಇದ್ದಕ್ಕಿದ್ದಂತೆ ಕೈ ನಿಂತಿತು.
‘ಇದು ನಾನೇ ಹಾಕಿದ್ದು.
ಹೋದ ವರ್ಷ, ಆಲೂಗಡ್ಡೆ ಸೀಸನ್ನಲ್ಲಿ.’
ಚೌಕದ ತೇಪೆ. ಕತ್ತರಿ ಜಾರಿ ಒಂದು ಮೂಲೆ ಸೊಟ್ಟ.
‘ಆಗಲೇ ಒಂದ್ಸಲ ಕಂಡಿತ್ತು. ಮತ್ತೆ ಇದೇ ಬಂತಲ್ಲ,
ಸುತ್ತು ಮುಗೀತು. ತೂತು ಒಂದೇ.’

‘ತೇಪೆ ಇಲ್ದಿದ್ರೆ?’
‘ಗಾಳಿ ಹಾಕೋ ಮೂತಿ ಇದೆಯಲ್ಲ.’
‘ಅದೂ ಇಲ್ದಿದ್ರೆ?’
ಬೆಳಿಗ್ಗೆ ನಾನು ಮೋಕ್ಷಿತ್‌ನನ್ನು ನೋಡಿದ ಹಾಗೆಯೇ
ಅವರು ನನ್ನನ್ನು ನೋಡಿದರು.
‘ಬೆಳಗಾಗೋವರೆಗೂ ತಿರುಗಿಸ್ತಾ ಕೂತಿರ್ತಿದ್ದೆ, ಟೀಚರ್.’

ಆಕಾಶದಲ್ಲೂ ಹೀಗೇ ಹುಡುಕಿದ್ದಾರೆ, ಓದಿದ್ದೆ.
ಎಲ್ಲಕ್ಕಿಂತ ಹಳೆಯ ಬೆಳಕಿನಲ್ಲಿ
ಈ ಕಡೆ ಕಂಡ ಕಲೆಯೇ ಆ ಕಡೆಯೂ ಕಂಡೀತೆ ಎಂದು,
ಯಾರದೋ ಕತ್ತರಿ ಜಾರಿದ ಒಂದು ಸೊಟ್ಟ ಮೂಲೆ.
ಸಿಕ್ಕಿಲ್ಲ.
ಕೊನೆಯೇ ಇಲ್ಲವೋ,
ಸುತ್ತು ಇನ್ನೂ ಮುಗಿದಿಲ್ಲವೋ.
ಬೆಳಕಿಗೂ ಒಂದು ವಯಸ್ಸು. ಅದಿನ್ನೂ ದಾರಿಯಲ್ಲಿದೆ.

ನನ್ನನ್ನು ಬಿಡದೆ ಕಾಡಿದ್ದು ಆ ಡ್ರಮ್ಮಿನ ನೀರು.
ಹೊರಗೆ ನೀರಿತ್ತು, ಅದಕ್ಕೇ ಒಳಗಿನ ಗಾಳಿಯ ಗುಟ್ಟು ರಟ್ಟಾಯಿತು.
ಇಷ್ಟು ದೊಡ್ಡದನ್ನು ಅದ್ದುವ ಡ್ರಮ್ಮು ಯಾವುದು?
ಹೊರಗೇ ಇಲ್ಲದ್ದಕ್ಕೆ ಒಳಗೆ ಅನ್ನಬಹುದಾ?
ಜೋರಾಗಿಯೇ ಕೇಳಿಬಿಟ್ಟೆನೇನೋ.
‘ಸಲೂಷನ್ ಒಣಗ್ಲಿ, ಸ್ವಲ್ಪ ಸುಮ್ನಿರಿ’ ಅಂದರು.
ಇಪ್ಪತ್ತೆರಡು ವರ್ಷ ಗಣಿತ ಹೇಳಿದವಳಿಗೆ
ಅಷ್ಟು ಸರಿಯಾದ ಮಾತು ಯಾರೂ ಹೇಳಿರಲಿಲ್ಲ.
ಸುಮ್ಮನಿದ್ದೆ. ಮಂಗಳೂರಿನ ಟ್ಯಾಂಕರೊಂದು
ಶಟರನ್ನು ನಡುಗಿಸಿ ಹೋಯಿತು.

ಎಂಬತ್ತು ರೂಪಾಯಿ. ಚಿಲ್ಲರೆ ಇರಲಿಲ್ಲ, ಬಿಟ್ಟೆ.
ಹೊರಡುವಾಗ ಕೇಳಿದೆ: ‘ಹಳೇ ಟ್ಯೂಬು ಒಂದಿದ್ರೆ ಕೊಡ್ತೀರಾ?
ಮೂತಿ ಕಿತ್ತುಹೋಗಿದ್ದು.’
‘ಏನಕ್ಕೆ?’
‘ಒಬ್ಬ ಹುಡುಗನಿಗೆ.’
ಮೂಲೆಯಿಂದ ಎಳೆದು, ಒರೆಸಿ, ಕೊಟ್ಟರು.

ಅದನ್ನು ಹೆಗಲಿಗೆ ಹಾಕಿಕೊಂಡು ಹೊರಟೆ.
ಮುಂದೆ ಒಂದು ಸ್ಕೂಟಿ, ಒಬ್ಬ ಹೆಂಗಸಿನ ಬೆನ್ನು,
ಸೊಂಟಕ್ಕೆ ಸಿಕ್ಕಿಸಿದ ಸೆರಗು, ನನ್ನದರಂಥದ್ದೇ ಚೀಲ.
ಹಿಂದೆ ಹಾಕಲು ಯಾಕೋ ಧೈರ್ಯ ಬರಲಿಲ್ಲ.
ಡೈರಿ ಸರ್ಕಲ್ಲಿನವರೆಗೂ ಅಷ್ಟೇ ದೂರ, ಅಷ್ಟೇ ವೇಗ.

ಅಲ್ಲಿ ಅವಳು ಎಡಕ್ಕೆ ತಿರುಗಿದಳು.
ನನ್ನ ಮನೆ ಬಲಕ್ಕೆ.